ಇಟ್ಟಿಗೆ ಗೂಡು ಸ್ಟಾಪ್

ಸಭೆ ಮುಗಿದು ಜನರೆಲ್ಲ ಹೊರಟುಹೋದರೂ ಟೈಲರಮ್ಮ ಮಾತ್ರ ಗೋಡೆಯ ನಕ್ಷೆಯ ಮುಂದೆ ನಿಂತೇ ಇದ್ದಳು. ಬೆರಳ ತುದಿಯಲ್ಲಿ ಒಂದು ಕೆಂಪು ಚುಕ್ಕಿ. ಹೊಸ ಬಸ್ಸು ಎಲ್ಲಿ ನಿಲ್ಲಬೇಕೋ ಅಲ್ಲಿ ಅಂಟಿಸಿ ಎಂದು ಬಂದವರಿಗೆಲ್ಲ ಹಂಚಿದ್ದ ಸ್ಟಿಕ್ಕರ್ ಅದು. ಜಿಲ್ಲೆ ನೋಡನೋಡುತ್ತಿದ್ದಂತೆ ಬೆಳೆಯುತ್ತಿತ್ತು. ಹೊಸ ಬಡಾವಣೆ, ಆಸ್ಪತ್ರೆ, ಕಾರ್ಖಾನೆಗಳ ಮೇಲೆ ಚುಕ್ಕಿಗಳು ಒಂದರ ಮೇಲೊಂದು ಬಿದ್ದು ನಕ್ಷೆಗೇ ದಡಾರ ಎದ್ದಂತಿತ್ತು.

ಮೈಕಿನ ವೈರು ಸುತ್ತುತ್ತಿದ್ದ ಯೋಜನಾಧಿಕಾರಿ ಓರೆಗಣ್ಣಿನಲ್ಲಿ ನೋಡಿದಳು. ಕಚೇರಿಯ ಎದುರಿಗೇ ಟೈಲರಮ್ಮನ ಅಂಗಡಿ. ಇವಳ ಬಟ್ಟೆಗಳನ್ನೂ ಆಕೆಯೇ ಹೊಲಿಯುವುದು. ಟೈಲರಮ್ಮ ಆಚೀಚೆ ನೋಡಿ, ಒಂದೂ ಚುಕ್ಕಿಯಿಲ್ಲದ ಮೂಲೆಯಲ್ಲಿ ತನ್ನದನ್ನು ತಟ್ಟನೆ ಅಂಟಿಸಿ ಹಿಂದೆ ಸರಿದಳು. ಆ ಮೂಲೆಯಲ್ಲಿ ಇದ್ದದ್ದು ಎರಡೇ: ಮುಚ್ಚಿಹೋದ ಇಟ್ಟಿಗೆ ಗೂಡು ಮತ್ತು ಜೈಲು.

"ಜೈಲಿನ ಹತ್ರಾನಾ?" ಯೋಜನಾಧಿಕಾರಿಯ ಬಾಯಿಂದ ಮಾತು ಜಾರಿತು.

"ಅಯ್ಯೋ, ಕೈ ತಪ್ತು ಮೇಡಂ." ಟೈಲರಮ್ಮ ಉಗುರಿನಿಂದ ಚುಕ್ಕಿಯನ್ನು ಕೆರೆದಳು. ಅದು ಜಪ್ಪಯ್ಯ ಅನ್ನಲಿಲ್ಲ. ಕೆರೆದು ಕೆರೆದು ಸೋತು ಹತ್ತಿರದ ಕುರ್ಚಿಯಲ್ಲಿ ಕುಸಿದಳು. "ಮಗ ಹಡಗಲ್ಲಿ ಕೆಲಸಕ್ಕೆ ಸೇರಿದಾನೆ ಅಂತ ನಿಮಗೂ ಹೇಳಿದ್ನಲ್ಲ... ಹಡಗೂ ಇಲ್ಲ, ಸಮುದ್ರಾನೂ ಇಲ್ಲ. ಅಲ್ಲಿದಾನೆ. ಹೊಡೆದಾಟದಲ್ಲಿ ಇವನೂ ಕೈ ಎತ್ತಿದ್ನಂತೆ."

"ನೀವು ಹೇಗೆ ಹೋಗ್ತೀರಿ?"

"ಹೆದ್ದಾರೀಲಿ ಇಳಿದು ನಡೀತೀನಿ. ಕಾಲು ಸೋತ್ರೆ ಲಾರಿಗಳಿಗೆ ಕೈ ಅಡ್ಡ ಹಾಕೋದು. ಎಲ್ಲಿಗೆ ಅಂದ್ರೆ, ಇಟ್ಟಿಗೆ ಗೂಡಿಗೆ ಅಂತೀನಿ. ಮುಚ್ಚಿದ ಗೂಡಲ್ಲಿ ನಿಂಗೇನಮ್ಮ ಕೆಲಸ ಅಂತ ನಗ್ತಾರೆ. ಒಂದೊಂದ್ಸಲ ನಾನು ಮುಟ್ಟೋ ಹೊತ್ತಿಗೆ ಭೇಟಿ ಸಮಯಾನೇ ಮುಗಿದಿರುತ್ತೆ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಬಸ್ ಬಿಟ್ರೂ ಬೋರ್ಡ್ ಮೇಲೆ ಜೈಲು ಅಂತ ಬರೀಬೇಡಿ ಮೇಡಂ. ಕಂಡಕ್ಟರ್ ಕೂಗಿದ್ರೆ ಇಡೀ ಬಸ್ಸು ನನ್ನ ಮುಖ ನೋಡುತ್ತೆ."

ಮರುದಿನ ಹಿರಿಯ ಅಧಿಕಾರಿ ಕನ್ನಡಕ ಏರಿಸಿ ನಕ್ಷೆ ನೋಡಿದರು. "ಈ ಒಂಟಿ ಚುಕ್ಕಿ ಯಾರ ಕಿತಾಪತಿ? ಒಬ್ಬರು ಕೇಳಿದ್ರು ಅಂತ ಬಸ್ ಬಿಟ್ರೆ, ನಾಳೆ ನಮ್ಮತ್ತೆ ಮನೆ ಬಾಗಿಲಿಗೇ ಸ್ಟಾಪ್ ಕೇಳ್ತಾರೆ."

"ಅಲ್ಲಿಗೆ ಹೋಗೋರು ತುಂಬಿದ ಸಭೇಲಿ ಎಲ್ಲರೆದುರು ಎದ್ದು ಬಂದು ಅಂಟಿಸ್ತಾರಾ ಸರ್?"

ಅವರು ಕನ್ನಡಕ ಇಳಿಸಿ ಅವಳತ್ತ ನೋಡಿದರು. "ಅಂಟಿಸಿದ್ದು ಯಾರು?"

"ಗೊತ್ತಿಲ್ಲ." ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಅವರೇನೂ ಕೆಟ್ಟವರಲ್ಲ. ಗೊಣಗುತ್ತಲೇ ಒಪ್ಪಿದರು: ಕಾರ್ಖಾನೆಗೆ ಹೋಗುವ ಬಸ್ಸೇ ಭೇಟಿಯ ದಿನಗಳಲ್ಲಿ ಆ ದಾರಿಯಾಗಿ ಬಳಸಿ ಹೋಗಲಿ, ಸ್ವಲ್ಪ ದಿನ ನೋಡೋಣ, ಇಳಿಯುವವರಿಲ್ಲದಿದ್ದರೆ ಸ್ಟಾಪೂ ಇಲ್ಲ. ಹೆಸರಿನ ಕಡೆ ಬಂದಾಗ ಮಾತ್ರ ಹುಬ್ಬೇರಿಸಿದರು. "ಇಟ್ಟಿಗೆ ಗೂಡಾ? ಅದು ಮುಚ್ಚಿ ಯಾವ ಕಾಲ ಆಯ್ತು!"

"ಇರಲಿ ಬಿಡಿ ಸರ್, ಹೆಸರು ಯಾರಿಗೂ ಭಾರ ಆಗೋದಿಲ್ಲ."

ಮೊದಲ ದಿನ ಎಷ್ಟು ಜನ ಇಳಿಯುತ್ತಾರೆಂದು ನೋಡಲು ಯೋಜನಾಧಿಕಾರಿ ತಾನೇ ಹಿಂದಿನ ಸೀಟಿನಲ್ಲಿ ಕೂತಳು. ಬಸ್ಸು ಭರ್ತಿಯಾಗಿತ್ತು. ಕಾರ್ಖಾನೆಯವರು ಹರಟುತ್ತಿದ್ದರು. ಉಳಿದವರು ಮಡಿಲಲ್ಲಿ ಚೀಲ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ. ಮಧ್ಯದ ಸೀಟಿನಲ್ಲಿ ಟೈಲರಮ್ಮ ಇದ್ದಳು.

"ಇಟ್ಟಿಗೆ ಗೂಡು! ಇಳಿಯೋರು ಬನ್ನಿ!"

ಬಸ್ಸು ನಿಂತಿತು. ಒಬ್ಬರೂ ಏಳಲಿಲ್ಲ. ಮೊದಲು ಬೇರೆ ಯಾರಾದರೂ ಏಳಲೆಂದು ಎಲ್ಲರೂ ಕಾಯುತ್ತಿರುವುದು ಯೋಜನಾಧಿಕಾರಿಗೆ ಅರ್ಥವಾಯಿತು. ತಾನೇ ಎದ್ದು ಇಳಿದುಬಿಡಲೇ ಎಂದುಕೊಂಡಳು, ಆದರೂ ಕೂತೇ ಇದ್ದಳು. ಕಂಡಕ್ಟರ್ ಸೀಟಿ ತುಟಿಗಿಟ್ಟ.

"ಇಲ್ಲಿ ಗೂಡೂ ಇಲ್ಲ, ಪಾಡೂ ಇಲ್ಲ," ಕಾರ್ಖಾನೆಯವನೊಬ್ಬ ಗೊಣಗಿದ. "ಸುಮ್ನೆ ನಮ್ಮ ಟೈಮ್ ಹಾಳು. ಏನಿದೆ ಅಂತ ಇಲ್ಲಿ ನಿಲ್ಲಿಸ್ತಾರೋ!"

ಟೈಲರಮ್ಮ ಚೀಲ ಹೆಗಲಿಗೇರಿಸಿ ಎದ್ದಳು.

"ನನ್ನ ಮಗ ಇದಾನಪ್ಪ," ಎಂದಳು, ಡ್ರೈವರಿಗೂ ಕೇಳಿಸುವಷ್ಟು ಗಟ್ಟಿಯಾಗಿ.

ಅವಳ ಹಿಂದೆ ಅರ್ಧ ಬಸ್ಸು ಎದ್ದು ನಿಂತಿತು.