ಮಾಳಿಗೆಯ ರಂಗೋಲಿ

ಗದಗಿನ ಆ ಓಣಿಯಲ್ಲಿ ಪ್ರತಿ ಮಾಳಿಗೆಗೂ ಒಂದು ದೊಡ್ಡ ರಂಗೋಲಿ. ಸಂಜೆ ಮನೆಗೆ ಬರುವವರು ಅದರ ಗುರುತು ಹಿಡಿದೇ ತಮ್ಮ ಪುಟ್ಟ ವಿಮಾನ ಇಳಿಸುತ್ತಾರೆ.

ಫಕೀರಪ್ಪ ಈ ವಾರ ಮೂರನೆಯ ಸಲ ಪಕ್ಕದ ಮನೆಯ ಮೇಲೆ ಇಳಿದ. ನಾಗವೇಣಿ ಒಣಹಾಕಿದ್ದ ಹಪ್ಪಳವೆಲ್ಲ ಗಾಲಿಯಡಿ ಪುಡಿಯಾಯಿತು. ಅವನ ಹೆಂಡತಿ ಗಂಗವ್ವ ಓಡಿ ಬಂದಳು.

“ನಮ್ಮನಿಯವರ ಕಣ್ಣು ಮಂಜಾಗ್ಯಾವ ತಂಗಿ. ಎಲ್ಲಾ ರಂಗೋಲಿನೂ ಒಂದ ಥರ ಕಾಣ್ತಾವ. ಹಾರೂದು ಬಿಡ್ರಿ ಅನ್ನಾಕ ನನಗ ಮನಸ್ಸು ಬರವಲ್ದು.”

“ಇರ್ಲಿ ಬಿಡ್ರಿ ಅಕ್ಕಾರ,” ಎಂದಳು ನಾಗವೇಣಿ, ಚೂರು ಗುಡಿಸುತ್ತ.

ಮರುದಿನ ಫಕೀರಪ್ಪ ನೇರವಾಗಿ ತನ್ನ ಮಾಳಿಗೆಗೇ ಇಳಿದ.

“ನೋಡಿದ್ಯಾ? ನನ್ನ ಕಣ್ಣಿಗೇನಾಗೇತಿ?”

“ಏನೂ ಆಗಿಲ್ಲ. ಚಾ ಇಟ್ಟೀನಿ, ನಡೀರಿ,” ಎಂದ ಗಂಗವ್ವ ಸುತ್ತ ನೋಡಿದಳು. ಬೇರೆ ಯಾವ ಮಾಳಿಗೆಯ ಮೇಲೂ ರಂಗೋಲಿ ಇರಲಿಲ್ಲ.

ಅವನು ಮೆಟ್ಟಿಲಿಳಿದು ಹೋದ ಮೇಲೆ, ಓಣಿಯ ಹೆಂಗಸರು ಒಬ್ಬೊಬ್ಬರಾಗಿ ರಂಗೋಲಿ ಡಬ್ಬಿ ಹಿಡಿದು ತಂತಮ್ಮ ಮಾಳಿಗೆಗೆ ಬಂದರು.