ಸೋಮವಾರದ ಬಂಗುಡೆ

"ಇಳಿಯುವುದು ಎಲ್ಲಿ? ಹೇಳು ನೋಡುವ," ಎಂದರು ದೇಯಿ, ಇಡೀ ಬಸ್ಸಿಗೆ ಕೇಳುವಂತೆ.

"ಹಂಪನಕಟ್ಟೆ, ಮಾಮಿ," ಎಂದಳು ಮೋಕ್ಷಾ.

ಎದುರು ಸೀಟಿನವರು ತಿರುಗಿ ನೋಡಿದರು. ಅರವತ್ತೆಂಟರ ಅತ್ತೆಯಿಂದ ಎಂ.ಕಾಂ. ಮಾಡಿದ ಸೊಸೆಗೆ ಮೌಖಿಕ ಪರೀಕ್ಷೆ. ಟಿಕೆಟ್ಟಿನಲ್ಲಿ ಮನರಂಜನೆಯೂ ಸೇರಿತ್ತು.

ಒಂದು ವರ್ಷದಿಂದ ಇದೇ ಪಾಠ. ಗ್ಯಾಸ್ ಬಂದ್ ಮಾಡಿದ್ದು ಯಾರು? ಸಾರಿಗೆ ಉಪ್ಪು ಬಿತ್ತಾ? ಈಗ ಬಂದು ಹೋದ ಹೆಂಗಸಿನ ಹೆಸರೆಂತ? ಸರಿಯುತ್ತರಕ್ಕೆ ಶಹಬ್ಬಾಸ್ ಇಲ್ಲ, "ಅಷ್ಟಾದರೂ ಗೊತ್ತುಂಟಲ್ಲ" ಎಂಬ ಪ್ರಶಸ್ತಿ ಮಾತ್ರ. "ನನ್ನ ಸೊಸೆಗೆ ಭಾರೀ ಮರೆವು ಮಾರಾಯ್ತಿ," ಎಂದು ಕಾಟಿಪಳ್ಳದಲ್ಲೆಲ್ಲ ಡಂಗುರ ಸಾರಿಯಾಗಿತ್ತು. ಗಂಡ ಲತೇಶನೋ, ಇಂಥ ಹೊತ್ತಿಗೆ ಹೆಲ್ಮೆಟ್ ಹುಡುಕುವುದರಲ್ಲಿ ನಿಪುಣ.

ಒಮ್ಮೆ, ಇವತ್ತು ಯಾವ ವಾರ ಎಂದು ಕೇಳಿದ್ದಕ್ಕೆ ರೇಗಿಹೋಗಿ, ಮೋಕ್ಷಾ ಸೋಮವಾರವನ್ನು ಭಾನುವಾರ ಎಂದುಬಿಟ್ಟಿದ್ದಳು. ನಲವತ್ತು ವರ್ಷಗಳಿಂದ ಸೋಮವಾರ ಮೀನು ಮುಟ್ಟದ ಅತ್ತೆ, ಅಂದು ಹಿಂದಿನ ದಿನ ಉಳಿದ ಬಂಗುಡೆ ಪುಳಿಮುಂಚಿಯನ್ನು ಎರಡು ಸಲ ಬಡಿಸಿಕೊಂಡು ಉಂಡರು. ಸೊಸೆಯನ್ನು ಹಂಗಿಸಲು ವ್ರತವನ್ನೇ ಮುರಿದ ಆ ಹಟಕ್ಕೆ ಮೋಕ್ಷಾ ಮನಸ್ಸಿನಲ್ಲೇ ಕೈಮುಗಿದಿದ್ದಳು.

ಈಗ ಕೊಡಿಯಾಲ್‌ಬೈಲಿನ ಕಾಲೇಜೊಂದರ ಆಫೀಸಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ನಾಡಿದ್ದು ಸೇರಬೇಕು. "ಮೊದಲು ಮರೆವಿನ ಡಾಕ್ಟ್ರ ಹತ್ತಿರ ಹೋಗುವ. ಕೆಲಸದ ಮಾತು ಆಮೇಲೆ," ಎಂದಿದ್ದರು ಅತ್ತೆ. ಫೋನು ಮಾಡಿ ಹೆಸರು ಬರೆಸಿದ್ದೂ ಅವರೇ.

ಮೋಕ್ಷಾ ಬಸ್ಸಿನಲ್ಲೇ ವಾರ, ತಾರೀಕು, ತಿಂಗಳು ಉರು ಹೊಡೆದಳು. ಕೇಳಲಿ ಡಾಕ್ಟರು. ಅತ್ತೆಯ ಎದುರೇ ನೂರಕ್ಕೆ ನೂರು ತೆಗೆದು, ಕೆಲಸಕ್ಕೆ ಹೋಗಿಯೇ ತೀರುವುದು.

ಹಂಪನಕಟ್ಟೆಯಲ್ಲಿ ಇಳಿದದ್ದೇ, "ಎಡಕ್ಕಾ ಬಲಕ್ಕಾ? ನಡಿ ನೋಡುವ," ಎಂದು ಅತ್ತೆ ಪರೀಕ್ಷಕರ ಗತ್ತಿನಲ್ಲಿ ಎರಡು ಹೆಜ್ಜೆ ಹಿಂದೆಯೇ ಉಳಿದರು. ಕ್ಲಿನಿಕ್ಕಿನ ಮೆಟ್ಟಿಲವರೆಗೂ ಹಾಗೆಯೇ.

ಸರದಿ ಬಂತು. ಡಾಕ್ಟರ ಪಕ್ಕದಲ್ಲಿ ಪೇಶಂಟಿನ ಸ್ಟೂಲು. ಮೋಕ್ಷಾ ಅತ್ತ ಹೆಜ್ಜೆಯಿಟ್ಟಳು. ಅತ್ತೆ ಅವಳನ್ನು ಮೊಣಕೈಯಿಂದ ಸರಿಸಿ ತಾವೇ ಕುಳಿತರು.

"ನಾನು ಮರೆತದ್ದನ್ನೆಲ್ಲ ಇವಳ ಹತ್ತಿರ ಕೇಳ್ತೇನೆ ಡಾಕ್ಟ್ರೇ. ಬೈದು ಕೇಳಿದ್ರೆ ಯಾರಿಗೂ ಗೊತ್ತಾಗುದಿಲ್ಲ," ಎಂದರು. "ನಾಡಿದ್ದಿನಿಂದ ಇವಳು ಕೆಲಸಕ್ಕೆ ಹೋಗ್ತಾಳೆ. ನಾನಿನ್ನು ಯಾರಿಗೆ ಬೈಯುವುದು, ಹೇಳಿ ನೋಡುವ."