ಮದಾರಸಾಬರ ಹುಲಿಗಳು

ತಂತಿ ಬ್ರಷ್ಷಿನಿಂದ ಎಷ್ಟು ಕೆರೆದರೂ ಅಂಗಳದ ಗೋಡೆಯ ಜಿಡ್ಡು ಬಿಡುತ್ತಿರಲಿಲ್ಲ. ಬಂದ ಬಂದವರೆಲ್ಲ ವರ್ಷಾನುಗಟ್ಟಲೆ ಒರಗಿ ಕೂತು ಹೊಲಸು ಮಾಡಿದ ಗೋಡೆ. ಅಬ್ದುಲರೌಫನಿಗೆ ತಲೆ ಕೆಟ್ಟುಹೋಗಿತ್ತು. ಸಂಗ್ರಹಾಲಯದವರು ಹನ್ನೊಂದಕ್ಕೆ ಬರುತ್ತಾರೆ. ಅವರ ಕಣ್ಣಿಗೆ ಮೊದಲು ಬೀಳುವುದೇ ಈ ದರಿದ್ರ ಗೋಡೆ.

"ಅದನ್ಯಾಕ ಕೆರಿತಿಯೋ? ನಿಮ್ಮಬ್ಬಾ ಎಂದೂ ಸುಣ್ಣ ಹಚ್ಚಗೊಡಲಿಲ್ಲ," ಎಂದಳು ತಾಯಿ ಅಬೇದಾಬಿ.

"ಅಬ್ಬಾಗ ಆಲಸ್ಯ ಇತ್ತು. ನನಗ ಮರ್ಯಾದಿ ಐತಿ."

ಎರಡು ವರ್ಷದಿಂದ ರೌಫ ಒಂದೇ ಹಟ ಹಿಡಿದಿದ್ದ. ತೀರಿಹೋದ ತಂದೆ ಮದಾರಸಾಬರ ಹೆಸರು ಆ ಕಲಾ ಸಂಗ್ರಹಾಲಯದಲ್ಲಿ ಇರಲೇಬೇಕು. ಮೊಹರಂ ಬಂತೆಂದರೆ ಹರಕೆ ಹೊತ್ತವರು ಮೈಮೇಲೆ ಹುಲಿ ಬರೆಸಿಕೊಳ್ಳಲು ಗಂಗಾವತಿಯ ಈ ಅಂಗಳಕ್ಕೇ ಬರುತ್ತಿದ್ದರು. ನಲವತ್ತು ವರ್ಷ ಬರೆದ ಕೈ. ಇಂದಿಗೂ ಕುಷ್ಟಗಿ, ಯಲಬುರ್ಗಾದಲ್ಲಿ ಯಾರೇ ಹುಲಿ ಬರೆಯಲಿ, ಪಟ್ಟೆ ಮಾತ್ರ ಮದಾರಸಾಬರದೇ. ಏನು ಬಂತು? ಮೊಹರಂ ಮುಗಿದು ದೇವರು ಹೊಳೆಗೆ ಹೋದ ದಿನವೇ ಹುಲಿಯಾದವರೂ ಕಾಲುವೆಗಿಳಿದು ಸೀಮೆಎಣ್ಣೆ, ಸಾಬೂನು ಹಚ್ಚಿ ಮೈ ತೊಳೆದುಕೊಳ್ಳುತ್ತಿದ್ದರು.

ಸಂಗ್ರಹಾಲಯದ ಉತ್ತರ ಪ್ರತಿ ಸಲವೂ ಒಂದೇ: 'ಅವರ ಪ್ರಭಾವ ಒಪ್ಪುತ್ತೇವೆ. ಅವರ ಕೈಯಿಂದಾದ ಮೂಲ ಕೃತಿ ಒಂದಾದರೂ ಬೇಕು.' ಕುಂಚ ಕಳಿಸಿದ, ವಾಪಸು ಬಂತು. ಬಣ್ಣದ ಡಬ್ಬಿ ಕಳಿಸಿದ, ಅದೂ ವಾಪಸು. ತೊಳೆದುಹೋದ ಹುಲಿಯನ್ನು ಎಲ್ಲಿಂದ ಹಿಡಿದು ತರುವುದು? ಕೊನೆಗೆ ರೋಸಿಹೋಗಿ, ಅಬ್ಬಾ ಅಂಗಳದಲ್ಲಿ ಕೂತಿದ್ದ ಹಳೆಯ ಫೋಟೋ ಒಂದನ್ನು ಲಕೋಟೆಗೆ ತುರುಕಿ, 'ಉಳಿದಿರುವುದು ಇಷ್ಟೇ' ಎಂದು ಬರೆದು ಕಳಿಸಿಬಿಟ್ಟ.

ಅದಕ್ಕೆ ಫೋನೇ ಬಂತು. ಮಾತಾಡಿದವರು ಕನಕಮ್ಮ ಎಂಬ ಅಧಿಕಾರಿ.

"ಗುರುವಾರ ನಾವೇ ಮನೆಗೆ ಬರುತ್ತೇವೆ. ದಯವಿಟ್ಟು ನಮಗಾಗಿ ಏನೂ ತಯಾರಿ ಮಾಡಬೇಡಿ."

ದೊಡ್ಡವರು ಹಾಗೆ ಹೇಳುವುದು ವಾಡಿಕೆ. ರೌಫ ಗ್ಯಾರೇಜಿಗೆ ರಜೆ ಹಾಕಿ ಎರಡು ಚೀಲ ಸುಣ್ಣ ತಂದ.

ಮಣ್ಣು ಕಾಣುವವರೆಗೂ ಕೆರೆದು, ಮೂರು ಸಲ ಬಳಿದ ಮೇಲೆ ಗೋಡೆ ಹಾಲಿನಂತಾಯಿತು. ಅಷ್ಟರಲ್ಲಿ ವ್ಯಾನು ಬಂದು ನಿಂತಿತು. ಕನಕಮ್ಮನವರ ಹಿಂದೆ ದೊಡ್ಡ ಗರಗಸ, ಮರದ ಚೌಕಟ್ಟು, ಹತ್ತಿಯ ಗಾದಿ ಹೊತ್ತ ನಾಲ್ವರು ಇಳಿದರು. ಅವೆಲ್ಲ ಯಾಕೆಂದು ರೌಫನಿಗೆ ತಿಳಿಯಲಿಲ್ಲ.

"ಬರ್ರಿ ಮೇಡಂ, ಕುಂದರ್ರಿ," ಎಂದ, ಸುಣ್ಣದ ಕೈ ಲುಂಗಿಗೆ ಒರೆಸಿಕೊಳ್ಳುತ್ತ. "ಮನಿ ಸಣ್ಣದು. ಆದ್ರ ಈಗ ಸ್ವಚ್ಛ ಐತ್ರಿ."

ಆಕೆ ಕೂರಲಿಲ್ಲ. ಅಂಗಳವನ್ನು ಒಂದು ಸುತ್ತು ನೋಡಿ, ದೊಡ್ಡದು ಮಾಡಿಸಿ ತಂದಿದ್ದ ಆ ಫೋಟೋ ಬಿಚ್ಚಿದರು. ಬೆರಳಿಟ್ಟಿದ್ದು ಅಬ್ಬಾನ ಮುಖದ ಮೇಲಲ್ಲ, ಬೆನ್ನ ಹಿಂದಿನ ಗೋಡೆಯ ಮೇಲೆ. "ಬಣ್ಣ ಆರುವ ಮೊದಲೇ ಒರಗಿದವರ ಬೆನ್ನುಗಳಿವು. ಮದಾರಸಾಬರ ಕೈಯ ಪಟ್ಟೆ, ಒಂದೊಂದೂ ಅಚ್ಚೊತ್ತಿದಂತೆ ಮೂಡಿದೆ. ಮೂವತ್ತೇಳು ಹುಲಿಗಳಿವೆ. ಕೊರೆದು ಒಯ್ಯಲು ಅಪ್ಪಣೆ ಸಿಕ್ಕಿದೆ."

ಆಮೇಲೆ ಕೇಳಿದರು: "ಈ ಗೋಡೆ ಎಲ್ಲಿದೆ, ರೌಫ್ ಸಾಹೇಬರೆ?"